ಸೊನ್ನೆ ತಾಸು

ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಕೆಲಸ ಮುಗಿಯಲು ಮುಕ್ಕಾಲು ತಾಸು ಉಳಿದಿದ್ದರೆ ಪರದೆಯ ಮೇಲೆ ‘0 ತಾಸು 45 ನಿಮಿಷ’ ಎಂದು ಬರುತ್ತದೆ. ಕಂಪ್ಯೂಟರ್ ಓದಿದವರು ನೋಡಿ ನಗುತ್ತಾರೆ. ಇಲ್ಲದ ತಾಸನ್ನು ಯಾಕೆ ಬರೆದಿದ್ದೀರಿ ಎಂದು ಕೆಣಕುತ್ತಾರೆ. ನಗಲಿ, ನಾನಂತೂ ಅದನ್ನು ತೆಗೆಯುವುದಿಲ್ಲ.

ರಾಯಚೂರಿನ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಸಣ್ಣ ಅಂಗಡಿ. ಕೆಟ್ಟುಹೋದ ಮೆಮೊರಿ ಕಾರ್ಡು, ಹಾರ್ಡ್ ಡಿಸ್ಕುಗಳಿಂದ ಫೋಟೊ, ಹಾಡು, ವಿಡಿಯೊ ಹೊರಗೆ ತೆಗೆದುಕೊಡುವುದು ಕೆಲಸ. ಅದಕ್ಕೆ ನಾನು ಬಳಸುವ, ಬೇಕೆಂದಾಗ ನಾನೇ ತಿದ್ದಿಕೊಳ್ಳಬಹುದಾದ ತಂತ್ರಾಂಶಕ್ಕೆ ಅಂದಚಂದವಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಅಷ್ಟೇ. ಏನು ಮಾಡಬೇಕೆಂದು ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಕೆಳಗೊಂದು ಗೆರೆ ಬೆಳೆಯುತ್ತ ಹೋಗುತ್ತದೆ, ಪಕ್ಕದಲ್ಲಿ ಇನ್ನೆಷ್ಟು ಹೊತ್ತು ಎಂಬ ಅಂಕಿ ಇಳಿಯುತ್ತ ಬರುತ್ತದೆ. ಗಿರಾಕಿಗಳು ಆ ಅಂಕಿಯನ್ನು ನೋಡುವುದನ್ನು ನೋಡುವ ಚಟ ನನಗೆ. ಕೆಲವರು ಒಲೆಯ ಮೇಲಿನ ಹಾಲು ಕಾಯುವವರಂತೆ ಕಣ್ಣೇ ಕೀಳುವುದಿಲ್ಲ. ಇನ್ನು ಕೆಲವರು, ಇದು ಹೇಗೂ ಸುಳ್ಳು ಹೇಳುತ್ತದೆ ಎಂದು ಮೊದಲೇ ತೀರ್ಮಾನಿಸಿ ಊಟಕ್ಕೆ ಹೋಗಿಬಿಡುತ್ತಾರೆ.

ಒಂದು ಮಧ್ಯಾಹ್ನ ದೇವದುರ್ಗದ ಕಡೆಯ ಹೆಂಗಸೊಬ್ಬರು ಬಂದರು. ಐವತ್ತರ ಆಸುಪಾಸು, ಕುರಿ ಸಾಕುವ ಮನೆಯವರು. ಸೆರಗಿನ ತುದಿಯ ಗಂಟು ಬಿಚ್ಚಿ ಉಗುರಿನಷ್ಟು ದೊಡ್ಡದಾದ ಮೆಮೊರಿ ಕಾರ್ಡನ್ನು ನನ್ನ ಕೈಗಿಟ್ಟರು.

“ಇದರಾಗ ನಮ್ಮ ಅಕ್ಕ ಹಾಡಿದ ತೊಟ್ಟಿಲ ಪದ ಅದ. ನಾಳಿ ಮಗಳ ಕೂಸಿನ್ನ ತೊಟ್ಟಿಲದಾಗ ಹಾಕ್ತೀವಿ. ನಮ್ಮ ಮನ್ಯಾಗ ಎಲ್ಲಾ ಕೂಸಿಗೂ ಆಕೀನ ಹಾಡ್ತಿದ್ಲು. ಈಗ ಆಕಿ ಇಲ್ಲ. ಫೋನಿಗೆ ಹಾಕಿದ್ರ ಕಾರ್ಡ್ ಕೆಟ್ಟದ ಅಂತ ತೋರಸ್ತದ. ಹ್ಯಾಂಗರ ಮಾಡಿ ತಗದುಕೊಡು ತಂಗಿ.”

ಅಕ್ಕ ಮಾನ್ವಿಯಲ್ಲಿದ್ದವರಂತೆ. ತೀರಿಕೊಂಡು ವರ್ಷವೂ ಆಗಿರಲಿಲ್ಲ. ಆ ಹಾಡು ಮನೆಯಲ್ಲಿ ಬೇರೆ ಯಾರಿಗೂ ಪೂರ್ತಿ ಬರುವುದಿಲ್ಲ ಎಂದರು.

ಕಾರ್ಡು ಹಾಕಿ ಕೆಲಸ ಶುರು ಮಾಡಿದೆ. ಪರದೆಯ ಮೇಲೆ 1:04:20 ಎಂದು ಬಂತು. ಅದೇನು ಎಂದು ಕೇಳಿದರು. ಬೆರಳಿಟ್ಟು ತೋರಿಸಿದೆ.

“ಮೊದಲಿಂದು ತಾಸು, ನಡುವಿಂದು ನಿಮಿಷ, ಕಡೀದು ಸೆಕೆಂಡು. ಒಂದು ತಾಸಿನ ಮ್ಯಾಲ ನಾಕು ನಿಮಿಷ ಅದರಿ. ಕುಂದರ್ರಿ, ನಾ ಚಾ ಹೇಳಿ ಬರ್ತೀನಿ.”

ಚಹಾದ ಅಂಗಡಿಯಲ್ಲಿ ಪರಿಚಯದವರು ಸಿಕ್ಕರು, ಮಾತು ಬೆಳೆಯಿತು. ತಿರುಗಿ ಬಂದಾಗ ಕುರ್ಚಿ ಖಾಲಿ. ಪಕ್ಕದ ಜೆರಾಕ್ಸ್ ಅಂಗಡಿಯವರು ಇಣುಕಿ ಹೇಳಿದರು: “ಕಾರ್ಡ್ ಇಲ್ಲೇ ಇರ್ಲಿ, ಮತ್ತ ಯಾವಾಗರ ಬರ್ತೀನಿ ಅಂದ್ರು. ಎರಡು ದಿನದ ಮ್ಯಾಲ ಯಾರು ಕುಂದ್ರಬೇಕು ಅಂತ ಕಣ್ಣಾಗ ನೀರು ತಂದ್ಕೊಂಡು ಬಸ್ ಸ್ಟ್ಯಾಂಡಿಗೆ ಹೋದ್ರು ನೋಡ್ರಿ.”

ಎರಡು ದಿನ ಎಲ್ಲಿಂದ ಬಂತು? ಪರದೆ ನೋಡಿದೆ. 55:10 ಎಂದಿತ್ತು. ಎಲ್ಲ ಸರಿಯಾಗಿಯೇ ಇದೆಯಲ್ಲ ಎಂದುಕೊಂಡು ಇನ್ನೊಮ್ಮೆ ನೋಡಿದಾಗ ತಲೆಗೆ ಹೊಳೆಯಿತು. ತಾಸು ಮುಗಿದ ಕೂಡಲೇ ಈ ತಂತ್ರಾಂಶ ತಾಸಿನ ಅಂಕಿಯನ್ನೇ ಎತ್ತಿ ಹಾಕಿ ನಿಮಿಷವನ್ನು ಮುಂದಕ್ಕೆ ತರುತ್ತದೆ. ನನ್ನ ಕಣ್ಣಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಗಮನಕ್ಕೇ ಬಂದಿರಲಿಲ್ಲ. ಅವರಿಗೋ, ಮೊದಲಿನದು ತಾಸು ಎಂದು ನಾನೇ ಹೇಳಿಕೊಟ್ಟಿದ್ದೆ. ಒಂದು ತಾಸು ಇದ್ದದ್ದು ಅವರ ಕಣ್ಣೆದುರೇ ಐವತ್ತೊಂಬತ್ತು ತಾಸು ಆಗಿತ್ತು! ನಗು ಉಕ್ಕಿತು. ಮರುಕ್ಷಣ ನಾಳೆಯ ತೊಟ್ಟಿಲು ನೆನಪಾಯಿತು. ಚಪ್ಪಲಿ ಮೆಟ್ಟಿ ಓಡಿದೆ.

ದೇವದುರ್ಗದ ಬಸ್ಸು ಇನ್ನೂ ನಿಂತಿತ್ತು. ಕಂಡಕ್ಟರು ಯಾರದೋ ಬದನೆಕಾಯಿ ಚೀಲದ ಬಗ್ಗೆ ಜಗಳಕ್ಕೆ ನಿಂತಿದ್ದರು. ಇವರು ಕಿಟಕಿಯ ಪಕ್ಕ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು.

“ಇಳೀರಿ, ಇನ್ನ ಒಂದು ತಾಸೂ ಇಲ್ಲ.”

“ಸುಳ್ಳ ಹೇಳಬ್ಯಾಡ. ನನ್ನ ಕಣ್ಣಿಲೆ ನೋಡೀನಿ. ಐವತ್ತೊಂಬತ್ತು ಆಗಿತ್ತು.”

“ಅದು ನಿಮಿಷರೀ. ತಾಸು ಮುಗೀತು, ಅದಕ್ಕ ಅದನ್ನ ತಗದದ.”

“ಮುಗದ್ರ ಮುಗೀತು ಅಂತ ಹೇಳಬೇಕಲ್ಲ? ಸುಮ್ಮನ ತಗದ್ರ ನಮಗ ಹ್ಯಾಂಗ ತಿಳೀಬೇಕು?”

ಬೈಯುತ್ತಲೇ ಇಳಿದರು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಹಾಗಾದರೆ ಏನು ತೋರಿಸಬೇಕಿತ್ತು ಎಂದು ಕೇಳಿದೆ.

“ತಾಸು ಇಲ್ಲಂದ್ರ ಸೊನ್ನಿ ಬರಿ. ಸೊನ್ನಿ ಬರಿಯಾಕ ಏನು ಬ್ಯಾನಿ ನಿನಗ?”

ಬೇಡದ್ದನ್ನು ತೋರಿಸಬಾರದು, ಎಲ್ಲರೂ ಹೀಗೇ ಮಾಡುತ್ತಾರೆ ಎಂದು ನಾನೂ ವಾದಕ್ಕಿಳಿದೆ. ಅವರು ಸೋಲಲಿಲ್ಲ. ಅಂಗಡಿಯಲ್ಲಿ ಕೂತು ಕಾಯುತ್ತ ಕೊನೆಯ ನಿಮಿಷ ಬಂದಾಗ ಪರದೆ ಮತ್ತೆ ವೇಷ ಬದಲಿಸಿ ಬರೀ 58 ಎಂದು ತೋರಿಸಿತು. ಅವರು ಅದಕ್ಕೆ ಬೆರಳು ತೋರಿಸಿ ನನ್ನ ಕಡೆ ನೋಡಿದರು. ನಾನು ವಾದ ನಿಲ್ಲಿಸಿದೆ.

ಹಾಡು ಸಿಕ್ಕಿತು. ಮೊದಲು, ರೆಕಾರ್ಡಿಂಗ್ ಶುರು ಮಾಡಿದೆಯಾ ಎಂಬ ಅರ್ಥದಲ್ಲಿ “ಹಚ್ಚೀಯೇನು?” ಎಂದು ಕೇಳುವ ನಗು, ಆಮೇಲೆ ಕೊಂಚ ಒಡಕು ದನಿಯ ಜೋಗುಳ, ಕೊನೆಯವರೆಗೂ ಪೂರ್ತಿ. ನನಗೆ ಕುಣಿಯುವಷ್ಟು ಖುಷಿಯಾಯಿತು. ಅವರು ಸೆರಗನ್ನು ಬಾಯಿಗೊತ್ತಿಕೊಂಡು ಕೇಳಿದರು. ಹಾಡು ಮುಗಿದ ಮೇಲೂ ಪರದೆಯನ್ನೇ ನೋಡುತ್ತಿದ್ದರು.

“ಅಕ್ಕನ್ನ ದವಾಖಾನಿಗೆ ಹಾಕಿದಾಗ ಆಕಿ ಗಂಡ, ನಮ್ಮ ಮಾವ, ಫೋನ್ ಮಾಡಿ, ಡಾಕ್ಟರು ಇನ್ನ ಎರಡು ತಿಂಗಳು ಬದುಕ್ತಾಳ ಅಂದಾರ ಅಂದ. ಆಮ್ಯಾಲ ಮತ್ತ ಫೋನ್ ಹಚ್ಚಿ, ಈಗ ಹದಿನೈದು ಅಂತಾರ ಅಂದ. ದಿನ ಅನ್ನಲಿಲ್ಲ. ಅನ್ನಾಕ ಬಾಯಿ ಬರಲಿಲ್ಲೇನೋ. ನಾ ದೇವರಿಗೆ ಕೈ ಮುಗದೆ. ಕುರಿ ಮರಿ ಹಾಕಾಕತ್ತಾವ, ಅದೊಂದು ಮುಗೀಲಿ, ಆರಾಮ ಹೋಗಿ ಅಕ್ಕನ ಬಾಜೂಕ ಕುಂದ್ರತೀನಿ ಅಂತ ಊರಾಗ ಉಳದೆ. ಅಷ್ಟರಾಗ ಆಕಿ ಹೋಗಿಬಿಟ್ಲು.”

ಕಾರ್ಡನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಳ್ಳುತ್ತ ನನ್ನ ಕಡೆ ತಿರುಗಿದರು.

“ಎರಡಕ್ಕಿಂತ ಹದಿನೈದು ದೊಡ್ಡದಲ್ಲೇನು ತಂಗಿ?”

“ದೊಡ್ಡದರೀ,” ಎಂದೆ. ಅವರ ಬಸ್ಸು ಹೊರಟ ಮೇಲೆ ತಂತ್ರಾಂಶ ತೆರೆದು, ತಾಸು ಮುಗಿದರೂ ಸೊನ್ನೆ ಉಳಿಯುವಂತೆ, ಪ್ರತಿ ಅಂಕಿಯ ಪಕ್ಕ ತಾಸು, ನಿಮಿಷ ಎಂದು ಬರುವಂತೆ ತಿದ್ದಿದೆ.