ಬೆಟ್ಟಕ್ಕೆ ಬೆನ್ನು

ಶೃತಿಯ ಕೈಗೆ ಸಿಕ್ಕಿದ ಮೇಲೆ ಯಾರೂ ಸೊಟ್ಟಗೆ ನಿಲ್ಲುವ ಹಾಗಿರಲಿಲ್ಲ. ಡಾಕ್ಟರಾಗಲಿ, ಫ್ಯಾಕ್ಟರಿಯ ಜನರಲ್ ಮ್ಯಾನೇಜರಾಗಲಿ, ಅವರ ಹೆಂಡತಿಯರಾಗಲಿ, ಗಾಲ್ಫ್ ಕಲಿಯಬೇಕು ಅಂತ ಆಸೆಪಟ್ಟು ಬಂದವರು ಮೊದಲು ಅವಳ ಮುಂದೆ ನೆಟ್ಟಗೆ ನಿಂತು ತೋರಿಸಬೇಕು. ಚೆಂಡು ಹೊಡೆಯುವುದೆಲ್ಲ ಆಮೇಲಿನ ಮಾತು. ತುಮಕೂರಿನಿಂದ ಊರ್ಡಿಗೆರೆ ಕಡೆಗೆ ಹೋಗುವ ದಾರಿಯಲ್ಲಿ, ತೆಂಗಿನ ತೋಟಗಳು ಮುಗಿದು ಕುರುಚಲು ದಿಣ್ಣೆ ಶುರುವಾಗುವ ಕಡೆ ಇರುವ ಆ ಕ್ಲಬ್ಬಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಹೊಸಬರು ಮಾಡುವ ತಪ್ಪು ಒಂದೇ. ದೂರದಲ್ಲಿ ಚೆಂಡು ಸೇರಬೇಕಾದ ಕುಳಿಯ ಬಾವುಟ ಕಾಣುತ್ತದಲ್ಲ, ಅದಕ್ಕೇ ಕಾಲು ಗುರಿಯಿಟ್ಟು ನಿಂತುಬಿಡುತ್ತಾರೆ. ಬಾವುಟವನ್ನು ನೋಡಬೇಕಾದ್ದು ಕೋಲಿನ ಮುಖ, ಕಾಲಲ್ಲ. ಶೃತಿ ಹುಲ್ಲಿನ ಮೇಲೆ ಎರಡು ಕಡ್ಡಿಗಳನ್ನು ಪಕ್ಕಪಕ್ಕದಲ್ಲಿ ಹಾಸಿ, "ರೈಲು ಕಂಬಿ ಅಂದ್ಕೊಳ್ಳಿ ಮೇಡಂ. ಆ ಕಂಬಿ ಮೇಲೆ ಚೆಂಡು ಹೋಗ್ತದೆ, ಈ ಕಂಬಿ ಮೇಲೆ ನಿಮ್ ಕಾಲಿರ್ತದೆ. ಎರಡೂ ಎಲ್ಲೂ ಸೇರಬಾರ್ದು," ಅನ್ನುತ್ತಿದ್ದಳು. ಬಾವುಟ ಬಹಳ ದೂರವಿದ್ದರೆ ಅವಳದೊಂದು ಉಪಾಯವಿತ್ತು. ಚೆಂಡಿನ ಹಿಂದೆ ನಿಂತು ಬಾವುಟವನ್ನು ನೋಡು, ಅದೇ ಗೆರೆಯಲ್ಲಿ ಚೆಂಡಿನ ಮುಂದೆ ಒಂದು ಮೊಳ ದೂರದಲ್ಲಿ ಒಣಗಿದ ಎಲೆಯನ್ನೋ ಹುಲ್ಲಿನ ಕುಚ್ಚನ್ನೋ ಗುರುತು ಮಾಡಿಕೋ, ಕೋಲಿನ ಮುಖವನ್ನು ಅದಕ್ಕೆ ತಿರುಗಿಸು, ಕೊನೆಯಲ್ಲಿ ಕಾಲಿಡು. ಅಷ್ಟು ದೂರದ ಬಾವುಟವನ್ನು ಮರೆತು ಎದುರಿಗಿರುವ ಎಲೆಯನ್ನು ನಂಬು. ಇಷ್ಟು ಹೇಳಿಕೊಡುತ್ತಿದ್ದವಳೇ ಒಂಬತ್ತನೇ ಕುಳಿಯಲ್ಲಿ, ಕ್ಲಬ್ಬಿನವರ ಮಾತಿನಲ್ಲಿ ಒಂಬತ್ತನೇ ಹೋಲಿನಲ್ಲಿ, ಸೊಟ್ಟಗೆ ನಿಲ್ಲುತ್ತಿದ್ದಳು ಅಂದರೆ ಯಾರು ನಂಬುತ್ತಾರೆ?

ಶೃತಿ ಊರ್ಡಿಗೆರೆ ಪಕ್ಕದ ಹಳ್ಳಿಯವಳು. ಅಪ್ಪ ಅಂಜಿನಪ್ಪನಿಗೆ ಒಂದಷ್ಟು ತೆಂಗು, ಒಂದಷ್ಟು ರಾಗಿ ಹೊಲ. ಕಾಲೇಜಿನಲ್ಲಿ ಕಬಡ್ಡಿ ಆಡಿ ಮೊಣಕೈ ತರಚಿಕೊಂಡಿದ್ದು ಬಿಟ್ಟರೆ ಆಟದಿಂದ ಅವಳು ಸಂಪಾದಿಸಿದ್ದು ಏನೂ ಇರಲಿಲ್ಲ. ಗುಬ್ಬಿಯ ಕನಕರಾಜುವನ್ನು ಮದುವೆಯಾದಳು. ಅವನು ಕುಣಿಗಲ್ ರೂಟಿನ ಬಸ್ಸಿನಲ್ಲಿ ಕಂಡಕ್ಟರ್. ತುಮಕೂರಿನಲ್ಲಿ ಮನೆ ಮಾಡಿದ ಮೇಲೆ ಸುಮ್ಮನೆ ಕೂರಲಾರದೆ ಕ್ಲಬ್ಬಿನಲ್ಲಿ ಚೆಂಡು ಆರಿಸುವ ಕೆಲಸಕ್ಕೆ ಸೇರಿದಳು. ಸದಸ್ಯರು ಹೊಡೆದು ಚೆಲ್ಲಾಡಿದ ಚೆಂಡುಗಳನ್ನು ಬುಟ್ಟಿಗೆ ತುಂಬಿಸಿ ತರುವ ಕೆಲಸ ಅದು. ಸಾಯಂಕಾಲ ಎಲ್ಲರೂ ಹೋದ ಮೇಲೆ, ಬಿಸಾಡಿದ ಹಳೇ ಕೋಲೊಂದನ್ನು ಹಿಡಿದು ತಾನೂ ನಾಲ್ಕು ಏಟು ಬಾರಿಸುತ್ತಿದ್ದಳು. ಕೋಚ್ ಭಾನುಪ್ರಕಾಶ್ ಒಂದು ದಿನ ಅದನ್ನು ನೋಡಿದ. ಬೈಯುತ್ತಾನೆ ಅಂತ ಇವಳು ಕೋಲು ಕೆಳಗೆ ಹಾಕಿದರೆ, ಅವನು, "ಇನ್ನೊಂದ್ಸಲ ಹೊಡೀರಿ," ಅಂದ. ಹಾಗೆ ಶುರುವಾಗಿದ್ದು, ಕೆಲವು ವರ್ಷಗಳಲ್ಲಿ ಅವಳನ್ನು ಅವನ ಬಲಗೈ ಮಾಡಿತ್ತು.

ಈಗ ಭಾನುಪ್ರಕಾಶ್ ಮೈಸೂರಿಗೆ ಹೊರಟಿದ್ದ. ಅವನ ಜಾಗ ಶೃತಿಗೇ ಅಂತ ಕ್ಲಬ್ಬಿನವರು ಒಪ್ಪಿದ್ದರು, ಆದರೆ ಕೋಚ್ ಅನ್ನಿಸಿಕೊಳ್ಳಲು ಸರ್ಟಿಫಿಕೇಟ್ ಬೇಕು, ಸರ್ಟಿಫಿಕೇಟಿಗೆ ಆಡಿ ತೋರಿಸುವ ಪರೀಕ್ಷೆ ಪಾಸಾಗಬೇಕು. ಆ ಸಲದ ಪರೀಕ್ಷೆ ಇದೇ ಕ್ಲಬ್ಬಿನಲ್ಲಿ. ಪಾಸಾಗದಿದ್ದರೆ ಬೇರೆ ಊರಿನಿಂದ ಯಾರೋ ಬರುತ್ತಾರೆ, ಇವಳು ಮತ್ತೆ ಬುಟ್ಟಿ ಹಿಡಿಯಬೇಕು. ತಾನು ಕಾಲು ಸರಿಮಾಡಿ ನಿಲ್ಲಿಸಿದ ಹೆಂಗಸರು ಹೊಡೆದ ಚೆಂಡನ್ನು ತಾನೇ ಬಗ್ಗಿ ಆರಿಸುವುದು ನೆನೆಸಿಕೊಂಡಾಗಲೆಲ್ಲ ಅವಳು ಕೋಲು ಎತ್ತಿಕೊಂಡು ಮತ್ತೆ ಅಭ್ಯಾಸಕ್ಕೆ ಹೊರಡುತ್ತಿದ್ದಳು.

ಎಂಟು ಹೋಲುಗಳ ಬಗ್ಗೆ ಅವಳಿಗೆ ಭಯವಿರಲಿಲ್ಲ. ಒಂಬತ್ತನೆಯದು ಕೊನೆಯದು, ಗಿಡ್ಡದು, ಒಂದೇ ಏಟಿಗೆ ಬಾವುಟದ ಹತ್ತಿರ ಚೆಂಡು ಬೀಳಬೇಕು. ಬಲಕ್ಕೆ ನೀರು ತುಂಬಿದ ಕುಂಟೆ. ಅಲ್ಲಿ ಎಲ್ಲವನ್ನೂ ಸರಿಯಾಗಿಯೇ ಮಾಡುತ್ತಿದ್ದಳು. ಎಲೆ ಗುರುತು ಮಾಡುವಳು, ಕೋಲಿನ ಮುಖ ಇಡುವಳು, ಕಾಲು ಇಡುವಳು. ಆಮೇಲೆ ಹೊಡೆಯುವ ಮುಂಚೆ ಅವಳಿಗೇ ತಿಳಿಯದಂತೆ ಪಾದ ಒಂದಿಷ್ಟು ಜರುಗುತ್ತಿತ್ತು, ಹೆಗಲು ಬಲಕ್ಕೆ ತಿರುಗುತ್ತಿತ್ತು. ಚೆಂಡು ನೇರವಾಗಿ ಹೋಗಿ ನೀರಿಗೆ ಬೀಳುತ್ತಿತ್ತು.

ಭಾನುಪ್ರಕಾಶ್ ಹಿಂದಿನಿಂದ ವಿಡಿಯೋ ತೆಗೆದು ತೋರಿಸಿದ. "ಬೇರೆ ಎಲ್ಲೂ ಹಿಂಗ್ ಮಾಡಲ್ಲ ನೀವು. ಇಲ್ಲೊಂದ್ ಕಡೆ ಏನಾಗ್ತದೆ? ಕಣ್ ಟೆಸ್ಟ್ ಮಾಡಿಸ್ಬಿಡಿ." ಅವಳು ಕಣ್ಣನ್ನೂ ಟೆಸ್ಟ್ ಮಾಡಿಸಿದಳು. ಕಣ್ಣು ಚೆನ್ನಾಗಿಯೇ ಇತ್ತು, ಅದೇ ಇನ್ನೂ ಹೆದರಿಕೆಯ ವಿಷಯ. ಕನ್ನಡಕ ಹಾಕಿಕೊಂಡು ಸರಿಹೋಗುವ ರೋಗವಾಗಿದ್ದರೆ ಎಷ್ಟು ಚೆನ್ನಾಗಿತ್ತು! ಮನೆಯಲ್ಲಿ ಚಪಾತಿ ಲಟ್ಟಿಸುವಾಗಲೂ ಅಡುಗೆಮನೆಯ ಟೈಲ್ಸ್ ಗೆರೆಗೆ ಕಾಲು ಜೋಡಿಸಿ ನಿಲ್ಲತೊಡಗಿದಳು. ಕನಕರಾಜು ಬಾಗಿಲಲ್ಲಿ ನಿಂತು, "ಏನೇ, ಚಪಾತಿನ ಕಾವಲಿಗೆ ಗುರಿಯಿಟ್ಟು ಹೊಡೀತೀಯಾ?" ಅಂದ. ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಅವತ್ತು ಲಟ್ಟಣಿಗೆ ಕುಕ್ಕಿ ಒಳಗೆ ಹೋಗಿ ಅತ್ತಳು. ಅವನು ಪಾಪ ಉಳಿದ ಚಪಾತಿಗಳನ್ನು ಬೇಯಿಸಿದ, ಅರ್ಧ ಸೀದವು.

ಪರೀಕ್ಷೆಗೆ ಮುಂಚಿನ ಸೋಮವಾರ ಕ್ಲಬ್ಬಿಗೆ ರಜ. ಕೆಲಸದವರು ಆಡಿಕೊಳ್ಳಬಹುದು. ಅವತ್ತು ಅಂಜಿನಪ್ಪ ಮಗಳ ಮನೆಗೆ ರಾಗಿ ಹಿಟ್ಟು ತಂದವನು, ಅವಳು ಆಡಲು ಹೋಗಿದ್ದಾಳೆ ಅಂತ ಗೊತ್ತಾಗಿ ಅಲ್ಲಿಗೇ ಬಂದ. ಮಗಳು ಆಡುವುದನ್ನು ಅವನು ಅಲ್ಲಿಯವರೆಗೆ ನೋಡಿರಲಿಲ್ಲ. ಇಷ್ಟು ನೆಲಕ್ಕೆ ಹುಲ್ಲು ಬೆಳೆಸಿ ದನ ಬಿಡದೆ ಕಾಯುತ್ತಾರಲ್ಲ ಅಂತ ಬೈದುಕೊಳ್ಳುತ್ತಲೇ, ಹೊಂಗೆ ಮರದಿಂದ ಹೊಂಗೆ ಮರಕ್ಕೆ ನೆರಳು ಹಿಡಿದು ಅವಳ ಹಿಂದೆ ನಡೆದ. ಎಂಟು ಹೋಲುಗಳಲ್ಲೂ ಚೆಂಡು ಹಾರಿದಾಗ ಅವನ ಬಾಯಿ ತೆರೆದುಕೊಳ್ಳುತ್ತಿತ್ತು. "ಅಬ್ಬಾ, ಯಾರ್ ಮಗಳು ಹೇಳು," ಅಂತ ಮರಕ್ಕೆ ಕೇಳಿಸುವಂತೆ ಹೇಳಿಕೊಂಡ.

ಒಂಬತ್ತನೆಯದರಲ್ಲಿ ಮೊದಲ ಚೆಂಡು ನೀರಿಗೆ ಬಿತ್ತು. ಎರಡನೆಯದೂ ಬಿತ್ತು. ಮೂರನೆಯದಕ್ಕೆ ಅವಳು ನಿಂತಾಗ ಅಂಜಿನಪ್ಪ ಮರದ ನೆರಳು ಬಿಟ್ಟು ಹತ್ತಿರ ಬಂದ. ಅವನ ಮುಖ ಹುಳ್ಳಗಾಗಿತ್ತು.

"ಮಗಾ, ಸುಮ್ನೆ ಹಿಂದಕ್ಕೆ ತಿರುಗಿ ನೋಡು."

ಅವಳು ತಿರುಗಿದಳು. ಬಿಸಿಲಿನಲ್ಲಿ ದೇವರಾಯನದುರ್ಗ ನಿಚ್ಚಳವಾಗಿ ಕಾಣುತ್ತಿತ್ತು. ಆ ಒಂಬತ್ತನೇ ಹೋಲಿನಲ್ಲಿ, ಬಾವುಟ ಎಡಹೆಗಲಿನ ಕಡೆ ಬರುವಂತೆ ನೆಟ್ಟಗೆ ನಿಂತರೆ ಬೆಟ್ಟ ಸರಿಯಾಗಿ ಬೆನ್ನ ಹಿಂದೆ ಬರುತ್ತದೆ. ಕ್ಲಬ್ಬಿನ ಬೇರೆ ಯಾವ ಹೋಲಿನಲ್ಲೂ ಹಾಗಿಲ್ಲ.

ಅಂಜಿನಪ್ಪನ ಮನೆದೇವರು ಆ ಬೆಟ್ಟದ ನರಸಿಂಹಸ್ವಾಮಿ. ಗುಡಿಯಿಂದ ಹೊರಬರುವಾಗ ನಾಲ್ಕು ಹೆಜ್ಜೆ ಹಿಂದಕ್ಕೆ ನಡೆದು ಆಮೇಲೆ ತಿರುಗುವುದನ್ನು ಎಲ್ಲರೂ ಮಾಡುತ್ತಾರೆ. ಈ ಮನೆಯವರದು ಅದಕ್ಕಿಂತ ಒಂದು ಕೈ ಮೇಲೆ. ಹೊಲದಲ್ಲಿ, ಕಣದಲ್ಲಿ, ಅಂಗಳದಲ್ಲಿ, ಬೆಟ್ಟ ಕಾಣುವ ಕಡೆ ಎಲ್ಲೂ ಅದಕ್ಕೆ ಬೆನ್ನು ಕೊಟ್ಟು ನಿಲ್ಲಬಾರದು, ಕಾಲು ಚಾಚಿ ಮಲಗಬಾರದು. ಪುಟ್ಟ ಶೃತಿ ಆಟದ ಗುಂಗಿನಲ್ಲಿ ಮರೆತು ನಿಂತಾಗಲೆಲ್ಲ ಅಂಜಿನಪ್ಪ ಬೈಯದೆ, ಹೊಡೆಯದೆ, ಹಿಂದಿನಿಂದ ಬಂದು ಎರಡೂ ಹೆಗಲು ಹಿಡಿದು ಮೆಲ್ಲಗೆ ಓರೆ ತಿರುಗಿಸುತ್ತಿದ್ದ. ಅವಳು ಅದನ್ನು ಮರೆತಿದ್ದಳು. ಹೆಗಲು ಮರೆತಿರಲಿಲ್ಲ.

"ನೀನೇ ಕಲ್ಸಿದ್ದು!" ಅಂದಳು ಶೃತಿ. "ಕಣ್ ಡಾಕ್ಟ್ರತ್ರ ಹೋದೆ, ಅನ್ನ ಸೇರ್ತಿಲ್ಲ, ತಲೆ ಕೆಟ್ಟು ಹೋಗ್ಯದೆ ನಂಗೆ. ಎಲ್ಲಾ ನಿನ್ನಿಂದ ಕಣಪ್ಪಾ!"

"ಹೂಂ ಕಣವ್ವಾ. ನಾನೇ ಕಲ್ಸಿದ್ದು."

"ಹಂಗಾರೆ ಈಗ ನೀನೇ ಹೇಳು. ಬೆನ್ ಕೊಡು, ಏನಾಗಲ್ಲ ಅಂತ ಒಂದ್ ಮಾತು ಹೇಳ್ಬುಡು."

ಅಂಜಿನಪ್ಪ ಬೆಟ್ಟದ ಕಡೆ ನೋಡಿದ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ನನ್ ಬಾಯಲ್ಲಿ ಅದು ಬರಲ್ಲ ಮಗಾ," ಅಂದ. ಅವನಿಗೂ ಅಳು ಬಂದಿತ್ತು. ಬಸ್ಸಿಗೆ ಹೊತ್ತಾಯಿತು ಅಂತ ಹೊರಟುಹೋದ, ಆ ಹೊತ್ತಿನಲ್ಲಿ ಯಾವ ಬಸ್ಸೂ ಇರಲಿಲ್ಲ.

ಕಾರಣ ಗೊತ್ತಾದರೆ ರೋಗ ವಾಸಿಯಾಗುತ್ತದೆ ಅನ್ನುವವರು ಶೃತಿಯ ಆ ವಾರವನ್ನು ನೋಡಬೇಕಿತ್ತು. ಮುಂಚೆ ಪಾದವಷ್ಟೇ ಜರುಗುತ್ತಿತ್ತು, ಈಗ ಇಡೀ ಮೈ ಕಲ್ಲಾಗತೊಡಗಿತು. ಹಟ ಹಿಡಿದು ನೆಟ್ಟಗೆ ನಿಂತರೆ ಬೆನ್ನು ಉರಿದಂತಾಗುವುದು, ಕೈ ಬಿಗಿಯುವುದು, ಕೋಲು ನೆಲಕ್ಕೆ ಬಡಿಯುವುದು. ಭಾನುಪ್ರಕಾಶ್ ವಿಷಯ ತಿಳಿದು ನಗಲಿಲ್ಲ. "ಮೊದ್ಲು ಬೆಟ್ಟಕ್ಕೆ ಕೈ ಮುಗ್ದು ಆಮೇಲ್ ಹೊಡೀರಿ," ಅಂದ. ಅದನ್ನೂ ಮಾಡಿದಳು. ಬಂದವರಿಗೆ ನಮಸ್ಕಾರ ಹೇಳಿ ಮುಖದ ಮೇಲೆ ಬಾಗಿಲು ಹಾಕಿದಂತಾಯಿತು. ಆ ಚೆಂಡು ಕುಂಟೆಯವರೆಗೂ ಹೋಗಲಿಲ್ಲ. ಫೋನಿನಲ್ಲಿ, "ಅಪ್ಪಾ, ನೀನ್ ಮಾತ್ರ ಪರೀಕ್ಷೆ ದಿನ ಬರಬ್ಯಾಡ, ನಿನ್ ಮುಖ ನೋಡಿದ್ರೆ ನಂಗೆ ಇನ್ನೂ ಭಯ ಆಯ್ತದೆ," ಅಂದಳು. ಅಂಜಿನಪ್ಪ ಊಟ ಆಯ್ತಾ ಅಂತ ಕೇಳಿ ಫೋನ್ ಇಟ್ಟ.

ಪರೀಕ್ಷೆಯ ದಿನ ಅವಳು ಬೆಳಿಗ್ಗೆ ಕಾಫಿಯನ್ನೂ ಕುಡಿಯಲಾರದೆ ಹೋದಳು. ಪರೀಕ್ಷಕರು ಬೆಂಗಳೂರಿನಿಂದ ಬಂದ ನಾಗಭೂಷಣ್. ಮಾತು ಕಡಿಮೆ, ಬಿಳಿ ಟೋಪಿ. ಒಂಬತ್ತು ಹೋಲುಗಳನ್ನು ಎರಡು ಸುತ್ತು ಆಡಬೇಕು. ಮೊದಲ ಸುತ್ತಿನ ಕೊನೆಯಲ್ಲಿ ಅವಳ ಚೆಂಡು, ಹೇಳಬೇಕಾದ್ದೇ ಇಲ್ಲ, ಕುಂಟೆಗೆ ಹೋಯಿತು. ಉಳಿದ ಕಡೆ ಚೆನ್ನಾಗಿ ಆಡಿದ್ದರಿಂದ ಇನ್ನೂ ಉಸಿರಿತ್ತು. ಎರಡನೇ ಸುತ್ತಿನಲ್ಲಿ ಮತ್ತೆ ಅಲ್ಲಿಗೆ ಬಂದಾಗ ಭಾನುಪ್ರಕಾಶ್ ಮೆಲ್ಲಗೆ ಹೇಳಿದ, "ಈ ಚೆಂಡು ಬಾವುಟದ ಸುತ್ತಿನ ಹಸಿರಿಗೆ ಬಿದ್ರೆ ಪಾಸು. ನೀರಿಗೆ ಬಿದ್ರೆ ಮುಗೀತು." ಅವಳ ಶಿಷ್ಯೆಯರು ಕ್ಲಬ್ಬಿನ ಜಗಲಿಯಿಂದ ನೋಡುತ್ತಿದ್ದರು. ಎಲ್ಲರ ಕಾಲನ್ನೂ ಸರಿ ಮಾಡಿದವಳ ಕಾಲು ಇವತ್ತು ಏನು ಮಾಡುತ್ತದೋ ಅನ್ನುವ ಹೆದರಿಕೆ ಅವರಿಗೆ ಗೊತ್ತಿರಲಿಲ್ಲ.

ಆಗ ಹೊಂಗೆ ಮರದ ಹಿಂದಿನಿಂದ ಅಂಜಿನಪ್ಪ ಹೊರಗೆ ಬಂದ. ಬೆಳಗಿನಿಂದ ಅಲ್ಲೇ ಇದ್ದನೇನೋ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆ. ಮಗಳ ಕಡೆ ನೋಡದೆ ನೇರವಾಗಿ ನಾಗಭೂಷಣರ ಹತ್ತಿರ ಹೋದ.

"ಸಾರ್, ನಾನು ಅಕಾ, ಅಲ್ಲಿ ಅವಳ ಹಿಂದ್ಗಡೆ ನಿಂತ್ಕೋಬೋದಾ?"

"ಯಾರು ನೀವು?"

"ಅವಳ ತಂದೆ ಸಾರ್."

ಮಗಳ ಏಟನ್ನು ಹತ್ತಿರದಿಂದ ನೋಡುವ ಆಸೆ ಇರಬೇಕು ಅಂದುಕೊಂಡರು ನಾಗಭೂಷಣ್. "ನಿಂತ್ಕೊಳ್ಳಿ. ಮಾತಾಡ್ಬಾರ್ದು, ಅಲ್ಲಾಡ್ಬಾರ್ದು. ನಾನು ಹೇಳೋವರ್ಗೂ ಹಂಗೇ ಇರ್ಬೇಕು."

ಅಂಜಿನಪ್ಪ ಬಂದು ಮಗಳಿಂದ ಹತ್ತು ಹೆಜ್ಜೆ ಹಿಂದೆ, ಅವಳಿಗೂ ಬೆಟ್ಟಕ್ಕೂ ನಡುವೆ ನಿಂತ. ಚಪ್ಪಲಿ ಬಿಟ್ಟ. ಹೆಗಲ ಮೇಲಿನ ಟವೆಲ್ ತೆಗೆದು ಸೊಂಟಕ್ಕೆ ಸುತ್ತಿದ. ಅವಳ ಕಡೆಗಲ್ಲ, ಬೆಟ್ಟದ ಕಡೆಗೆ ಮುಖ ಮಾಡಿ, ಕೈ ಮುಗಿದು ಕಣ್ಣು ಮುಚ್ಚಿದ. ಬೆನ್ನು ಕೊಡು ಅಂತ ಹೇಳಲಾರದವನು, ಮಗಳು ಬೆನ್ನು ಕೊಡುವಷ್ಟು ಹೊತ್ತು ಅವಳ ಬದಲಿಗೆ ತಾನು ಸ್ವಾಮಿಯ ಎದುರು ನಿಂತುಕೊಳ್ಳುತ್ತೇನೆ ಅಂತ ಬಂದಿದ್ದ. ಶೃತಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಕಣ್ಣು ಮಂಜಾಯಿತು, ತೋಳಿಗೆ ಒರೆಸಿಕೊಂಡಳು.

ಚೆಂಡಿನ ಹಿಂದೆ ಹೋಗಿ ಬಾವುಟ ನೋಡಿದಳು. ಗೆರೆಯಲ್ಲಿ ಒಂದು ಹಳದಿ ಎಲೆ ಬಿದ್ದಿತ್ತು. ಕೋಲಿನ ಮುಖವನ್ನು ಅದಕ್ಕೆ ಇಟ್ಟಳು, ಆಮೇಲೆ ಎಡಗಾಲು, ಬಲಗಾಲು. ಪಾದ ಈಗ ಜರುಗುತ್ತದೆ ಅಂತ ಕಾದಳು. ಬೆನ್ನ ಹಿಂದೆ ಅಪ್ಪನ ಉಸಿರು, ಅವನು ಗೊಣಗುತ್ತಿದ್ದ ಸ್ವಾಮಿಯ ಹೆಸರು ಸಣ್ಣಗೆ ಕೇಳಿಸಿತು. ಮಾತಾಡಬಾರದು ಅಂದಿದ್ದರೂ ಅಷ್ಟು ಅವನ ಕೈಲಿ ತಡೆಯಲಾಗಿರಲಿಲ್ಲ. ಪಾದ ಇಟ್ಟಲ್ಲೇ ಇತ್ತು. ಹೊಡೆದಳು.

ಚೆಂಡು ಎಲೆಯ ಮೇಲಿನಿಂದಲೇ ಎದ್ದು, ಕುಂಟೆಯನ್ನು ಬಲಕ್ಕೆ ಬಿಟ್ಟು, ಬಾವುಟದ ಹಸಿರಿನ ನಡುವೆ ಬಿದ್ದು ನಾಲ್ಕು ಸಲ ಪುಟಿದು ನಿಂತಿತು. ಜಗಲಿಯಲ್ಲಿದ್ದವರು ಚಪ್ಪಾಳೆ ಹೊಡೆದರು. ಭಾನುಪ್ರಕಾಶ್ ಕಿರುಚಿಯೇಬಿಟ್ಟ. ನಾಗಭೂಷಣ್ ಸುಮ್ಮನೆ ತಲೆಯಾಡಿಸಿ ಮುಂದೆ ನಡೆದರು, ಹಿಂದೆ ನಿಲ್ಲಿಸಿದವನನ್ನು ಮರೆತೇಬಿಟ್ಟರು.

ಅಂಜಿನಪ್ಪ ಅಲ್ಲಾಡಿರಲಿಲ್ಲ. ಮುಗಿದ ಕೈ ಹಾಗೇ ಇತ್ತು, ಮುಖ ಬೆಟ್ಟದ ಕಡೆಗೇ ಇತ್ತು.

"ನೆಟ್ಟಗೆ ಹೋಯ್ತಾ, ಮಗಾ?" ಅಂತ ಹಾಗೇ ನಿಂತು ಕೇಳಿದ.

"ನೆಟ್ಟಗೆ ಹೋಯ್ತು ಕಣಪ್ಪಾ. ತಿರುಗು, ನೋಡು ಬಾ."

"ನೀನ್ ನಡಿ," ಅಂದ ಅಂಜಿನಪ್ಪ. "ಸ್ವಾಮಿಗೆ ಒಂದ್ ಮಾತು ಹೇಳ್ಬುಟ್ಟು ಬತ್ತೀನಿ."