ಶಿವಲಿಂಗಯ್ಯ ಕಂಡ ಬಾಲದ ಚುಕ್ಕಿ

"ಅಮ್ಮ, ಶಿವಲಿಂಗಯ್ಯ ತಾತಂಗೆ ಬೈಕಿನ ಲೈಟಿಗೂ ಬಾಲ ಕಾಣ್ತದಂತೆ. ನಮಗ್ಯಾಕೆ ಕಾಣಲ್ಲ?"

ಚಿನ್ನು ಕೇಳಿದಾಗ ಪ್ರಮೀಳಾ ಹಾಲಿನ ಕ್ಯಾನು ಎತ್ತಿಕೊಂಡು ಡೇರಿಗೆ ಹೊರಟಿದ್ದಳು. "ದೊಡ್ಡೋರ್ನ ಅಂಗೆಲ್ಲ ಆಡ್ಕೋಬಾರ್ದು, ನಡಿ" ಎಂದು ಮಗಳ ಬಾಯಿ ಮುಚ್ಚಿಸಿದಳೇ ಹೊರತು, ಪ್ರಶ್ನೆ ಅವಳ ಬೆನ್ನು ಬಿಡಲಿಲ್ಲ.

ಪಾಲಹಳ್ಳಿ ದಾಟಿದರೆ ಸಿಗುವ ಆ ಪುಟ್ಟ ಊರಿನ ಡೇರಿಯಲ್ಲಿ, ಹಾಲಿಗೆ ಡಿಗ್ರಿ ಕಡ್ಡಿ ಬಿಟ್ಟು ಗೀಟು ನೋಡಿ, ಯಾರ ಹಾಲು ಗಟ್ಟಿ, ಯಾರದು ನೀರು ಎಂದು ಹೇಳುವವರು ಶಿವಲಿಂಗಯ್ಯ. ಹೆಂಡತಿ ತೀರಿಕೊಂಡ ಮೇಲೆ ಆ ಸ್ಟೂಲೇ ಅವರ ಸಂಸಾರ. ಅಲ್ಲಿ ಕುಳಿತೇ ಅವರು ಮಳೆ, ಮದುವೆ, ಎಲೆಕ್ಷನ್ನುಗಳಿಗೂ ತೀರ್ಪು ಕೊಡುತ್ತಿದ್ದರು. ಮಳೆ ಮಾತ್ರ ಆಗಾಗ ಅವರ ಮಾತು ಮೀರುತ್ತಿತ್ತು. ಈಚೆಗೆ ನೀರು ಬೆರೆಸಿದವರಿಗೂ ಬೆರೆಸದವರಿಗೂ ಒಂದೇ ಡಿಗ್ರಿ ಬರುತ್ತಿತ್ತು. ವಯಸ್ಸಾದಂತೆ ಮನಸ್ಸು ದೊಡ್ಡದಾಗಿದೆ ಎಂದು ಊರು ಸುಮ್ಮನಿತ್ತು.

ಸಂಜೆ ಪಡುವಣದಲ್ಲಿ ಧೂಮಕೇತು ಕಾಣುತ್ತದೆ ಎಂದು ಟೀವಿಯವರು ಹೇಳಿದ ಮೇಲೆ ಆಕಾಶವೂ ಅವರ ಇಲಾಖೆಗೆ ಸೇರಿತು. ಅಂದು ಹೊತ್ತು ಮುಳುಗುತ್ತಲೇ ಡೇರಿ ಮುಂದೆ ನಿಂತು, ತೆಂಗಿನ ಗರಿಯ ಮೇಲೆ ಹೊಳೆಯುತ್ತಿದ್ದ ಚುಕ್ಕಿಗೆ ಬೆರಳು ಮಾಡಿದರು.

"ನೋಡ್ರಲಾ, ಮಾರುದ್ದ ಬಾಲ."

ಅದು ದಿನಾ ಸಂಜೆ ಅಲ್ಲೇ ಇರುತ್ತಿದ್ದ ಶುಕ್ರ. ಬಾಲವಿರಲಿ, ಮೋಟು ಕೂಡ ಇರಲಿಲ್ಲ.

"ಊಂ ಕಣಣ್ಣ, ಒಳ್ಳೆ ಪೊರಕೆ ಇದ್ದಂಗದೆ" ಎಂದ ನಿಂಗರಾಜು. ಅವನ ಕ್ಯಾನು ಇನ್ನೂ ಟೆಸ್ಟಾಗಿರಲಿಲ್ಲ. ಸಾಲಿನಲ್ಲಿ ಹಾಲು ತೆಳ್ಳಗಿದ್ದವರಿಗೆಲ್ಲ ಬಾಲ ಉದ್ದವಾಗಿಯೇ ಕಂಡಿತು.

ಹಾಲು ಕೊಟ್ಟು ಹೊರಟಿದ್ದ ಚಿಕ್ಕಬೋರಮ್ಮ ಮಾತ್ರ, "ನಂಗೇನೂ ಕಾಣದಪ್ಪ. ನನ್ ಆಲು ಆಗ್ಲೇ ಅಳ್ದಾಯ್ತಲ್ಲ, ಅದ್ಕೇನೋ" ಎಂದು ಹೋದಳು.

ಚಿನ್ನು ಅಮ್ಮನ ಸೆರಗು ಜಗ್ಗಿದಳು. "ಅದಲ್ಲಮ್ಮ. ಬಲಗಡೆ, ಇನ್ನೂ ಮೇಲೆ. ಸ್ಲೇಟು ಸರಿಯಾಗಿ ಒರೆಸ್ದೆ ಬಿಟ್ಟಂಗದೆ ನೋಡು."

ಇತ್ತು. ನಿಜವಾದ ಬಾಲ, ತೆಳುವಾಗಿ, ಮೇಲಕ್ಕೆ ಚಾಚಿಕೊಂಡು ನಿಂತಿತ್ತು. ಊರಿನ ಕತ್ತುಗಳೆಲ್ಲ ಶಿವಲಿಂಗಯ್ಯನವರ ಬೆರಳಿಗೆ ಕಟ್ಟಿಹೋಗಿದ್ದರಿಂದ ಆ ಕಡೆ ಯಾರೂ ತಿರುಗಲಿಲ್ಲ.

ಪ್ರಮೀಳಾಳ ಸರದಿ ಕೊನೆಗೆ ಬಂತು. ಡೇರಿ ಖಾಲಿಯಾಗಿತ್ತು. ಶಿವಲಿಂಗಯ್ಯ ಕಡ್ಡಿಯನ್ನು ಹಾಲಿಗೆ ಬಿಟ್ಟು, ಮೂಗು ತಾಗುವಷ್ಟು ಬಗ್ಗಿ, ಕಣ್ಣು ಉಜ್ಜಿಕೊಂಡು, "ಚಿನ್ನವ್ವ, ಗೀಟು ಎಲ್ಲಿಗೆ ಬಂತು ಓದು. ಕಲೀಬೇಕು ನೀನು" ಎಂದರು.

ಮಗು ಓದಿತು. ಪ್ರಮೀಳಾ ಮೆಲ್ಲಗೆ ಕೇಳಿದಳು: "ಮಾವ, ಈ ಟ್ಯೂಬ್‌ಲೈಟ್‌ಗೂ ಬಾಲ ಅದಾ?"

ಊರಿಗೆಲ್ಲ ಉತ್ತರ ಹೇಳುವವರು ಕಡ್ಡಿ ಒರೆಸಿ ಇಟ್ಟರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಎರಡೆರಡು ಅವೆ ಕಣವ್ವ" ಎಂದರು ಕೊನೆಗೆ. "ಕಣ್ಣಿಗೆ ಪೊರೆ ಬಂದಿರ್ಬೇಕು. ಗೊತ್ತಾದ್ರೆ ನಾಳೆನೇ ಈ ಸ್ಟೂಲ್ ಮೇಲೆ ಆ ನಿಂಗರಾಜು ಕುಂತಿರ್ತಾನೆ."

"ಅವ್ನು ಕುಂತ್ರೆ ಆಲೆಲ್ಲ ನೀರಾಗಿ ಕಡ್ಡಿನೇ ಮುಳುಗೋಯ್ತದೆ ಬುಡಿ" ಎಂದು ಪ್ರಮೀಳಾ ಖಾಲಿ ಕ್ಯಾನು ಎತ್ತಿಕೊಂಡಳು.

ಶಿವಲಿಂಗಯ್ಯ ಬಾಗಿಲಿನತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. "ನಿನ್ ಸ್ಕೂಟ್ರಲ್ಲಿ ಮೈಸೂರಿಗೆ ಕರ್ಕೊಂಡೋಗಿ ಕಣ್ಣು ತೋರಿಸ್ಬುಡವ್ವ. ಯಾರಾರ ಕೇಳುದ್ರೆ, ಧೂಮಕೇತುನ ದುರ್ಬೀನಲ್ಲಿ ನೋಡಕ್ಕೋಗವ್ರೆ ಅಂತ ಏಳ್ಬುಡು."