ಸೇತುವೆಯ ಬಳಿ ಕಾಲು ಗಂಟೆ

ನನ್ನ ಅಕ್ಕನ ಹೋಟೆಲಿನ ಬಗ್ಗೆ ನಾನು ಒಂದೇ ಒಂದು ಒಳ್ಳೆಯ ಮಾತು ಆಡಲಿಲ್ಲ. ಕೆಟ್ಟ ಮಾತನ್ನೂ ಆಡಲಿಲ್ಲವಲ್ಲ ಎಂದು ಬಹಳ ಕಾಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸುಳ್ಳು ಸಮಾಧಾನ. ನನ್ನ ಬಸ್ಸಿನಲ್ಲಿ ನಾನು ಸುಮ್ಮನಿದ್ದರೆ ಅದರ ಅರ್ಥ ಏನೆಂದು ಮಡಿಕೇರಿಯಿಂದ ಮೈಸೂರಿನವರೆಗೆ ಓಡಾಡುವ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು.

ಕೊಡಗು ಬೇರೆ ರಾಜ್ಯವಾಗಿದ್ದ ಕಾಲದಲ್ಲಿ ನಾನು ಆ ದಾರಿಯ ಬಸ್ಸೊಂದರ ಕಂಡಕ್ಟರ್. ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಗಟ್ಟಿಯಾಗಿದ್ದು ಶಾಲೆಯಲ್ಲಲ್ಲ, ಹೋಟೆಲಿನ ಬೋರ್ಡು ಓದಿ ಓದಿ. ಆದರೆ ರುಚಿ ಹೇಳುವ ನಾಲಿಗೆಯ ವಿಷಯದಲ್ಲಿ ನನ್ನನ್ನು ಮೀರಿಸುವವರು ಆ ದಾರಿಯಲ್ಲಿ ಇಲ್ಲ ಎಂದು ಜನ ಹೇಳುತ್ತಿದ್ದರು, ನಾನೂ ನಂಬಿದ್ದೆ. ಬಸ್ಸು ನಿಲ್ಲುವ ಮುಂಚೆ ಎದ್ದು ನಿಂತು ಹೇಳುತ್ತಿದ್ದೆ: ಇಲ್ಲಿ ಇಡ್ಲಿ ತಿನ್ನಿ, ವಡೆ ಮುಟ್ಟಬೇಡಿ. ಇಲ್ಲಿ ಕಾಫಿ ಪರವಾಗಿಲ್ಲ, ನೀರು ಮಾತ್ರ ಕುಡಿಯಬೇಡಿ. ಇದನ್ನು ಮಾಡೆಂದು ನನಗೆ ಯಾರೂ ಹೇಳಿರಲಿಲ್ಲ. ವಡೆ ತಿಂದ ಪ್ರಯಾಣಿಕರೊಬ್ಬರು ಹುಣಸೂರು ದಾಟುವಷ್ಟರಲ್ಲಿ ಮೂರು ಸಲ ಬಸ್ಸು ನಿಲ್ಲಿಸಿದ ದಿನ ಶುರುವಾದ ಅಭ್ಯಾಸ ಅದು.

ಒಂದು ಹೋಟೆಲಿನಲ್ಲಿ ಬಾಯಿಗಿಡುವಂಥದ್ದು ಏನೂ ಇಲ್ಲ ಎಂದಾದರೆ ಮಾತ್ರ ನಾನು ಬಾಯಿ ತೆರೆಯುತ್ತಿರಲಿಲ್ಲ. ಹಾಗೆಂದು ಕೂಗಿದರೆ ಯಜಮಾನ ಕೊರಳಪಟ್ಟಿಗೆ ಕೈ ಹಾಕುತ್ತಾನೆ. ಹಾಗಾಗಿ ಸೀಟಿನಲ್ಲಿ ಕೂತು ಟಿಕೆಟ್ ಪುಸ್ತಕ ತಿರುವುತ್ತಿದ್ದೆ. ಎರಡು ಸಲ ಓಡಾಡಿದವರಿಗೆ ಇದು ತಿಳಿದುಹೋಗುತ್ತಿತ್ತು. ಅವರು ಹೊಸಬರಿಗೆ ಮೊಣಕೈಯಲ್ಲಿ ತಿವಿದು, ಕಂಡಕ್ಟರು ಸುಮ್ಮನಿದ್ದಾರೆ, ಇಳಿಯಬೇಡಿ ಎನ್ನುತ್ತಿದ್ದರು.

ಆ ಹೋಟೆಲುಗಳಾದರೂ ನನ್ನ ತಲೆ ಕೆಡಿಸಿದ್ದು ಅಷ್ಟಿಷ್ಟಲ್ಲ. ಒಂದು ಕಡೆ ಸಪ್ಲೈಯರ್ ನಾಲ್ಕು ಲೋಟ ನೀರನ್ನು ನಾಲ್ಕು ಬೆರಳು ಅದ್ದಿಯೇ ತರುತ್ತಿದ್ದ. ಬೆರಳು ತೆಗಿ ಎಂದರೆ ಲೋಟ ಬೀಳ್ತದೆ ಸ್ವಾಮಿ ಎನ್ನುತ್ತಿದ್ದ. ಇನ್ನೊಂದು ಕಡೆ ಮೇಜು ಒರೆಸುವ ಬಟ್ಟೆಯ ವಾಸನೆ ಉಪ್ಪಿಟ್ಟಿನವರೆಗೂ ಬರುತ್ತಿತ್ತು. ಮತ್ತೊಂದು ಕಡೆ ಏನು ಕೇಳಿದರೂ ಈಗ ಆಯಿತು, ಈಗ ಆಯಿತು. ಬಸ್ಸು ಹಾರ್ನ್ ಹೊಡೆದ ಮೇಲೆ ಸುಡುಸುಡು ತಂದಿಟ್ಟು ನಿಲ್ಲುವುದು. ಎಲ್ಲಕ್ಕಿಂತ ಸಿಟ್ಟು ಬರಿಸುತ್ತಿದ್ದದ್ದು ಕಾಫಿ. ರಸ್ತೆಯ ಎರಡು ಬದಿಗೂ ಕಾಫಿ ತೋಟ, ಕಿಟಕಿಯಿಂದ ಕೈ ಚಾಚಿದರೆ ಕಾಯಿ ಸಿಗಬೇಕು, ಲೋಟದಲ್ಲಿ ಮಾತ್ರ ಬರೀ ಚಿಕೋರಿ. ಒಳ್ಳೆಯ ಬೀಜವೆಲ್ಲ ಹಡಗು ಹತ್ತಿ ಹೋಗ್ತದೆ ಎಂದು ಯಜಮಾನರು ಅದನ್ನೇ ಹೆಮ್ಮೆಯಂತೆ ಹೇಳುತ್ತಿದ್ದರು.

ನಾನು ಹೊಗಳುತ್ತಿದ್ದ ಹೋಟೆಲು ಒಂದಿತ್ತು, ಸೇತುವೆ ದಾಟಿ ಮೈಸೂರು ಕಡೆಗೆ. ಅಲ್ಲಿ ಬಸ್ಸು ಅರ್ಧ ಗಂಟೆ ನಿಲ್ಲುತ್ತಿತ್ತು. ತುಪ್ಪದಲ್ಲಿ ಗರಿಗರಿಯಾದ ದೋಸೆ, ಸಣ್ಣ ಈರುಳ್ಳಿಯ ಸಾಂಬಾರು. ಡ್ರೈವರಿಗೂ ಕಂಡಕ್ಟರಿಗೂ ಪರದೆಯ ಹಿಂದೆ ಬೇರೆ ಮೇಜು. ಅಲ್ಲಿ ತಿಂದದ್ದಕ್ಕೆ ಕಾಸು ಕೇಳುತ್ತಿರಲಿಲ್ಲ. ಬಸ್ಸು ನಿಲ್ಲಿಸಿದ ಕಡೆಯೆಲ್ಲ ಅದೇ ಪದ್ಧತಿ, ಅದರಲ್ಲಿ ತಪ್ಪು ಯಾರಿಗೂ ಕಾಣುತ್ತಿರಲಿಲ್ಲ. ಪುಕ್ಕಟೆ ತಿಂದೂ ನಾನು ಕೆಟ್ಟದ್ದನ್ನು ಒಳ್ಳೆಯದು ಎನ್ನುವವನಲ್ಲ ಎಂಬುದು ನನ್ನ ಜಂಬ.

ಇನ್ನು ಅಕ್ಕನ ವಿಷಯ. ನಮ್ಮದು ಹಾಸನದ ಕಡೆಯಿಂದ ಬಂದು ಶಿರಂಗಾಲದಲ್ಲಿ ನೆಲೆನಿಂತ ಮನೆ. ಅವ್ವ ಬೇಗ ಹೋದಳು. ಅಡಿಗೆ ಅಕ್ಕನ ಕೈಗೆ ಬಂತು, ಅವಳಿಗೆ ಒಲೆಯ ಮೇಲಿನ ಪಾತ್ರೆ ಇಳಿಸುವ ಎತ್ತರವೂ ಇರಲಿಲ್ಲ. ಸಾರು ಕುದಿಯುವಾಗ ಅಂಗೈಗೆ ಒಂದು ತೊಟ್ಟು ಬಿಟ್ಟು, ಏನು ಕಮ್ಮಿ ಹೇಳು ಎಂದು ನನ್ನನ್ನೇ ಕೇಳುತ್ತಿದ್ದಳು. ಜನ ಹೊಗಳುತ್ತಿದ್ದ ನನ್ನ ನಾಲಿಗೆ ತಯಾರಾದದ್ದು ಹೀಗೆ. ಇದನ್ನು ನಾನು ಬಸ್ಸಿನಲ್ಲಿ ಯಾರಿಗೂ ಹೇಳಲಿಲ್ಲ.

ಅವಳನ್ನು ಕುಶಾಲನಗರಕ್ಕೆ ಕೊಟ್ಟಿತ್ತು. ಭಾವ ಮರದ ಡಿಪೋದಲ್ಲಿ ದಿಮ್ಮಿ ಬಿದ್ದು ಕಾಲು ಜಜ್ಜಿಹೋಗಿ ಮನೆ ಹಿಡಿದು ಕೂತರು. ಮಕ್ಕಳು ಮೂರು. ಅಕ್ಕ ಹೊಳೆಯ ಸೇತುವೆಯ ಈಚೆ ದಡದಲ್ಲಿ ಜಿಂಕ್ ಶೀಟು ಹೊದಿಸಿ, ಎರಡು ಬೆಂಚು ಹಾಕಿ, ಹೋಟೆಲು ತೆರೆದಳು. ಬೋರ್ಡಿಲ್ಲ. ಬೆಳಿಗ್ಗೆ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಮಧ್ಯಾಹ್ನ ಮುದ್ದೆ, ಬಸ್ಸಾರು. ಕಾಫಿಗೆ ಬೀಜ ತಾನೇ ಹುರಿದು ಕುಟ್ಟುತ್ತಿದ್ದಳು. ಆ ದಾರಿಯಲ್ಲಿ ಅದಕ್ಕಿಂತ ಒಳ್ಳೆಯ ತಿಂಡಿ ಇರಲಿಲ್ಲ. ಇದನ್ನು ಇಂದು ಬರೆಯುವುದು ಎಷ್ಟು ಸುಲಭ!

ಜಾಗ ಅವಳು ಯೋಚಿಸಿಯೇ ಹಿಡಿದಿದ್ದಳು. ಹೊಳೆಯ ಆಚೆ ದಡ ಮೈಸೂರು ರಾಜ್ಯ. ಕೊಡಗಿನ ಅಕ್ಕಿ ಕದ್ದು ದಾಟುತ್ತದೆಂದು ಸೇತುವೆಯ ಈಚೆ ಚೆಕ್‌ಪೋಸ್ಟು ಇತ್ತು. ಪೊಲೀಸಿನವರು ಮೇಲೆ ಹತ್ತಿ ಮೂಟೆಗಳನ್ನು ತಿವಿದು ನೋಡಿ ಇಳಿಯುವಷ್ಟರಲ್ಲಿ ಕಾಲು ಗಂಟೆ. ಆ ಕಾಲು ಗಂಟೆ ಬಸ್ಸು ನಿಲ್ಲುತ್ತಿದ್ದದ್ದು ಸರಿಯಾಗಿ ಅಕ್ಕನ ಬಾಗಿಲ ಮುಂದೆ. ಒಳಗೆ ತಮ್ಮನೇ ಕಂಡಕ್ಟರು. ಅವಳು ಇನ್ನೇನು ಯೋಚಿಸಬೇಕಿತ್ತು?

ಮೊದಲ ದಿನ ನಾನು ಎದ್ದು ನಿಂತದ್ದು ನಿಜ. ಇಲ್ಲಿ ಅಕ್ಕಿ ರೊಟ್ಟಿ ಎಂದು ಶುರು ಮಾಡುವಷ್ಟರಲ್ಲಿ ಹಿಂದಿನ ಸೀಟಿನಿಂದ ದಿನವೂ ಬರುವ ಒಬ್ಬ ಗುಮಾಸ್ತರು ಬಾಯಿ ಹಾಕಿದರು.

“ಏನ್ ಕಂಡಕ್ಟ್ರೇ, ಅಕ್ಕಂಗೆ ಗಿರಾಕಿ ಹಿಡಿಯೋದಕ್ಕೂ ಟಿಕೆಟ್ ಹರೀತೀರಾ?”

ಬಸ್ಸೆಲ್ಲ ನಕ್ಕಿತು. ಕೆಟ್ಟ ನಗು ಏನಲ್ಲ. ನಾನೂ ನಕ್ಕು ಮಾತು ಮುಂದುವರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನಗೆ ಕಿವಿಯವರೆಗೂ ಬಿಸಿ ಏರಿತು. ಕಂಡಕ್ಟರು ಮನೆಯವರ ಪರ ಎಂದು ಒಮ್ಮೆ ಜನ ಅಂದುಕೊಂಡರೆ ಉಳಿದ ಹೋಟೆಲುಗಳ ಬಗ್ಗೆ ನನ್ನ ಮಾತನ್ನು ಯಾರು ನಂಬುತ್ತಾರೆ ಎನ್ನಿಸಿತು. ಕೂತೆ. ಟಿಕೆಟ್ ಪುಸ್ತಕ ತೆಗೆದೆ.

ಮರುದಿನವೂ ತೆಗೆದೆ. ಆಮೇಲೆ ಅದೇ ರೂಢಿಯಾಯಿತು. ನಲವತ್ತು ಜನ ಹಸಿದುಕೊಂಡು ಬಸ್ಸಿನಲ್ಲಿ ಕೂತಿರುತ್ತಿದ್ದರು, ರೊಟ್ಟಿ ಬೇಯುವ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು, ಯಾರೂ ಇಳಿಯುತ್ತಿರಲಿಲ್ಲ. ಇಷ್ಟು ಜನಕ್ಕೆ ಮೂಗಿಲ್ಲವೇ ಎಂದು ನನಗೆ ಅವರ ಮೇಲೆಯೇ ಕೋಪ ಬರುತ್ತಿತ್ತು. ಒಬ್ಬನ ಮುಖ ನೋಡಿ ಹೊಟ್ಟೆ ಕಟ್ಟಿಕೊಂಡು ಕೂರುವ ಇವರೆಂಥ ಜನ ಎಂದು ಒಳಗೊಳಗೇ ಬೈಯುತ್ತಿದ್ದೆ. ಆ ಒಬ್ಬ ನಾನೇ ಎಂಬುದು ಗೊತ್ತಿದ್ದೂ ಬೈಯುತ್ತಿದ್ದೆ.

ನಮ್ಮ ಡ್ರೈವರು ಮಂಗಳೂರು ಕಡೆಯವರು, ಮನೆಮಾತು ತುಳು. ಅವರು ಮಾತ್ರ ದಿನವೂ ಇಳಿದು ಅಕ್ಕನ ಬೆಂಚಿನ ಮೇಲೆ ಕೂತು ಎರಡು ರೊಟ್ಟಿ ತಿಂದು, ಅವಳು ಬೇಡವೆಂದರೂ ಕಾಸು ಇಟ್ಟು ಬರುತ್ತಿದ್ದರು. ಒಮ್ಮೆ ಸ್ಟೀರಿಂಗ್ ಹಿಡಿದುಕೊಂಡೇ ಹೇಳಿದರು:

“ನಿನ್ನ ಸ್ವಂತ ಅಕ್ಕ ಅಲ್ವಾ ಮಾರಾಯ? ಊರಿನ ಹಾಳು ವಡೆಗೆಲ್ಲ ಭಾಷಣ ಮಾಡ್ತೀ. ಇಲ್ಲಿ ಒಂದು ಮಾತು ಹೇಳ್ಲಿಕ್ಕೆ ನಿಂಗೆ ಏನು ಖರ್ಚು?”

ನಾನು ನ್ಯಾಯ, ನಂಬಿಕೆ ಎಂದೆಲ್ಲ ಏನೋ ಹೇಳಿದೆ. ಅವರು ಗೇರು ಬದಲಿಸಿದರು.

ಅಕ್ಕ ಬಹಳ ದಿನ ಏನೂ ಕೇಳಲಿಲ್ಲ. ಬಸ್ಸು ನಿಂತಾಗ ಬಾಗಿಲಿಗೆ ಬಂದು ಸೆರಗಿಗೆ ಕೈ ಒರೆಸಿಕೊಂಡು ನೋಡುತ್ತಿದ್ದಳು. ಮೊದಮೊದಲು ಹತ್ತು ಜನರಿಗಾಗುವಷ್ಟು ಹಿಟ್ಟು ಕಲಸಿಡುತ್ತಿದ್ದವಳು ಆಮೇಲಾಮೇಲೆ ಕಮ್ಮಿ ಮಾಡಿದಳು. ನನಗೆ ಮಾತ್ರ ಬಾಳೆಲೆಯಲ್ಲಿ ರೊಟ್ಟಿ ಕಟ್ಟಿ ಕಿಟಕಿಯಲ್ಲಿ ಕೊಡುವುದನ್ನು ಬಿಡಲಿಲ್ಲ. ನಾನು ಅದನ್ನು ಸೇತುವೆ ದಾಟಿದ ಮೇಲೆ ತಿನ್ನುತ್ತಿದ್ದೆ.

ಒಂದು ದಿನ ಕಕ್ಕಬೆ ಕಡೆಯ ಒಬ್ಬ ಮುದುಕರು ಯಾರ ಮಾತನ್ನೂ ಕೇಳದೆ ಇಳಿದುಹೋಗಿ ರೊಟ್ಟಿ ತಿಂದರು. ಮತ್ತೆರಡು ಹಾಕಿಸಿಕೊಂಡರು. ಬಸ್ಸಿನ ಕಡೆ ನೋಡುತ್ತಾ ಅಕ್ಕನಿಗೆ ಏನೋ ಹೇಳಿದರು. ಆ ಭಾನುವಾರ ನಾನು ಅವಳ ಮನೆಗೆ ಹೋದಾಗ ಅವಳು ತಟ್ಟೆ ಇಟ್ಟು, ಬಡಿಸುವ ಮುಂಚೆ ಕೇಳಿದಳು.

“ನೀನು ಬಾಯಿ ಬಿಡ್ಲಿಲ್ಲ ಅಂದ್ರೆ ಆ ಹೋಟ್ಲು ಚೆನ್ನಾಗಿಲ್ಲ ಅಂತ ಲೆಕ್ಕವಂತೆ. ಹೌದೇನ್ಲಾ?”

“ಯಾರು ಹೇಳಿದ್ದು? ಅವ್ರಿಗೇನು ಗೊತ್ತು,” ಎಂದೆ.

ಒಳಗಿನ ಕೋಣೆಯಲ್ಲಿ ಭಾವ ಕೆಮ್ಮಿದರು. ಅಕ್ಕ ಬಡಿಸಿದಳು. ಸಾರಿಗೆ ಏನು ಕಮ್ಮಿ ಎಂದು ಅವತ್ತು ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ನಾಳೆಯಿಂದ ಹೇಳುತ್ತೇನೆ ಎಂದು ಆ ರಾತ್ರಿ ನಿರ್ಧಾರ ಮಾಡಿದೆ. ಮರುದಿನ ಅದೇ ಗುಮಾಸ್ತರು ಅದೇ ಸೀಟಿನಲ್ಲಿ ಕೂತಿದ್ದರು. ಅವರಿಗೆ ತಾವು ಆಡಿದ ಮಾತು ನೆನಪೇ ಇರಲಿಲ್ಲವೋ ಏನೋ. ನಾಳೆ ನೋಡೋಣ ಎಂದುಕೊಂಡೆ.

ಹೀಗೆ ನಾಳೆ ನಾಳೆ ಎನ್ನುತ್ತಿರುವಾಗಲೇ ಕೊಡಗು ಮೈಸೂರಿಗೆ ಸೇರಿತು. ಸೇರಬೇಕೋ ಬೇಡವೋ ಎಂದು ಬಸ್ಸಿನಲ್ಲಿ ದಿನವೂ ಜಗಳವಾಗುತ್ತಿತ್ತು. ನಾನೂ ಒಂದೆರಡು ಮಾತು ಸೇರಿಸುತ್ತಿದ್ದೆ. ಸೇರಿದರೆ ಚೆಕ್‌ಪೋಸ್ಟು ಇರುವುದಿಲ್ಲ, ಚೆಕ್‌ಪೋಸ್ಟು ಇಲ್ಲದಿದ್ದರೆ ಬಸ್ಸು ನಿಲ್ಲುವುದಿಲ್ಲ ಎಂಬ ಸಣ್ಣ ವಿಷಯ ನನ್ನ ತಲೆಗೆ ಹೊಳೆಯಲೇ ಇಲ್ಲ. ಒಂದು ದಿನ ಅಡ್ಡಗಂಬ ಎತ್ತಿಯೇ ಇತ್ತು. ಡ್ರೈವರು ನನ್ನ ಕಡೆ ತಿರುಗಿ ನೋಡಿದರು. ನಾನು ಬೆಲ್ಲಿನ ಹಗ್ಗ ಎಳೆಯಲಿಲ್ಲ. ಬಸ್ಸು ನೇರ ಸೇತುವೆ ಹತ್ತಿತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬಾಳೆಲೆಯ ಪೊಟ್ಟಣ.

ಮಳೆಗಾಲ ಹಿಡಿಯುವ ಮುಂಚೆ ಅವಳು ಜಿಂಕ್ ಶೀಟು ಬಿಚ್ಚಿಸಿದಳು. ಸುಂಟಿಕೊಪ್ಪದ ಹತ್ತಿರ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮನೆಯಲ್ಲಿ ಅಡಿಗೆಗೆ ನಿಂತಳು. ಅವರ ಮನೆಯಲ್ಲಿ ಅವಳ ಅಡಿಗೆಯನ್ನು ಬಹಳ ಮೆಚ್ಚುತ್ತಾರೆಂದು ಭಾವ ನನಗೆ ಎರಡು ಸಲ ಹೇಳಿದರು. ಎರಡು ಸಲ ಯಾಕೆ ಹೇಳಿದರೆಂದು ನನಗೆ ಅರ್ಥವಾಯಿತು.

ಮರುವರ್ಷ ಅವಳ ಕಣ್ಣು ಮಂಜಾಯಿತು. ಮೈಸೂರಿನಲ್ಲಿ ತೋರಿಸಲು ನಾನು ರಜೆ ಹಾಕಿ ಕರೆದುಕೊಂಡು ಹೊರಟೆ. ಬೇರೆ ಕಂಪನಿಯ ಬಸ್ಸು. ನಾನು ಖಾಕಿ ಬಿಟ್ಟು ಪಂಚೆ, ಬಿಳಿ ಅಂಗಿ. ಸೇತುವೆ ಬಂದಾಗ ಇಬ್ಬರೂ ಎಡಗಡೆ ನೋಡಿದೆವು. ಒಲೆಯ ಕಲ್ಲು ಮೂರು ಹಾಗೇ ಇದ್ದವು.

ಬಸ್ಸು ನಿಂತದ್ದು ನಾನು ಹೊಗಳುತ್ತಿದ್ದ ಹೋಟೆಲಿನಲ್ಲೇ. ಆ ದಿನ ನಾವು ಪರದೆಯ ಈಚೆ, ಜನರ ಸಾಲಿನಲ್ಲಿ ಕೂತೆವು. ಸಪ್ಲೈಯರ್ ನನ್ನನ್ನು ಗುರುತಿಸಲಿಲ್ಲ. ಅವನು ನೋಡುತ್ತಿದ್ದದ್ದು ಖಾಕಿಯನ್ನು, ಮುಖವನ್ನಲ್ಲ. ದೋಸೆ ಬಂತು. ಆರಿದ್ದು, ಅಂಚು ಒಣಗಿದ್ದು, ತುಪ್ಪದ ಸುಳಿವಿಲ್ಲ. ಸಾಂಬಾರು ತೆಳ್ಳಗೆ ನೀರು. ಚಟ್ನಿ ಹಳಸಿತ್ತು. ಇದೇನಪ್ಪಾ ಎಂದು ಕೇಳಿದರೆ ಎಲ್ಲರಿಗೂ ಇದೇ ಸ್ವಾಮಿ ಎಂದು ಮುಂದೆ ಹೋದ. ಅವನೇ ಒಂದು ಗಳಿಗೆ ಬಿಟ್ಟು ಎರಡು ತಟ್ಟೆ ಹಿಡಿದು ನಮ್ಮ ಪಕ್ಕದಲ್ಲೇ ಹಾದು ಪರದೆಯ ಹಿಂದೆ ಹೋದ. ತುಪ್ಪದ ವಾಸನೆ, ಸಣ್ಣ ಈರುಳ್ಳಿಯ ವಾಸನೆ. ಅಷ್ಟು ವರ್ಷ ನಾನು ರುಚಿ ನೋಡಿ ಹೇಳಿದ್ದು ನನಗಾಗಿಯೇ ಇಟ್ಟ ಪಾತ್ರೆಯ ರುಚಿ. ನನ್ನ ಮಾತು ನಂಬಿ ಇಳಿದವರು ತಿಂದದ್ದು ಇದು.

ಅಕ್ಕ ಒಂದು ಚೂರು ಮುರಿದು ಬಾಯಿಗಿಟ್ಟು, ಬೆರಳು ಒರೆಸಿಕೊಂಡಳು.

“ಇದನ್ನೇ ಅಲ್ವೇನ್ಲಾ ನೀನು ಬಸ್ಸಲ್ಲಿ ನಿಂತ್ಕೊಂಡು ಹೊಗಳ್ತಿದ್ದದ್ದು?”

“ನಂಗೆ ಕೊಡ್ತಿದ್ದದ್ದು ಇದಲ್ಲ ಕಣಕ್ಕ.”

“ನಾನು ಎಲ್ರಿಗೂ ಒಂದೇ ಪಾತ್ರೆಯಿಂದ ಬಡಿಸ್ತಿದ್ದೆ,” ಎಂದಳು. ದನಿ ಏರಿಸಲಿಲ್ಲ.

ಆ ಯಜಮಾನನ ಕೊರಳಪಟ್ಟಿ ಹಿಡಿಯುತ್ತೇನೆಂದು ಎದ್ದೆ. ಅಕ್ಕ ಅಂಗಿಯ ತೋಳು ಹಿಡಿದು ಕೂರಿಸಿದಳು.

“ಅವ್ನನ್ನ ಬೈದು ಏನಾಗ್ಬೇಕು? ಅವ್ನು ನಂಗೇನು ತಮ್ಮನಾ?”

ಹೊರಗೆ ಹಾರ್ನ್ ಆಯಿತು. ಜನ ಅರ್ಧ ತಿಂದು ಏಳುತ್ತಿದ್ದರು. ಅಕ್ಕನೂ ಏಳಲು ಬೆಂಚಿಗೆ ಕೈ ಊರಿದಳು. ಬಸ್ಸು ಹತ್ತಿದ ಮೇಲೆ ಹೇಳೋಣ ಎಂದು ಅಭ್ಯಾಸದಂತೆ ಮನಸ್ಸು ಹೇಳಿತು. ನಾನು ಏಳಲಿಲ್ಲ. ಎದುರಿಗೆ ಕೂತವರೂ ಪಕ್ಕದವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದೆ:

“ತಪ್ಪಾಯ್ತು ಅಕ್ಕ. ಈ ದಾರೀಲಿ ನಿನ್ನ ರೊಟ್ಟಿಯಂಥದ್ದು ಇರ್ಲಿಲ್ಲ. ನಂಗೆ ಗೊತ್ತಿತ್ತು. ನಾಲ್ಕು ಜನ ನಗ್ತಾರೆ ಅಂತ ಹೇಳ್ಲಿಲ್ಲ, ನಿನ್ನ ಒಲೆ ಆರಿಸ್ಬಿಟ್ಟೆ. ತಪ್ಪಾಯ್ತು.”